ಪಾಳಿ ಪುಸ್ತಕ

ಡಿಸ್ಕು ಶೇಕಡ ತೊಂಬತ್ತೆಂಟು ತುಂಬಿದೆ ಎಂದು ಆಸ್ಪತ್ರೆಯ ಸರ್ವರ್ ಬೆಳಗಿನಿಂದ ಮೂರನೆಯ ಸಲ ದೂರಿತು. ಶನಿವಾರವೂ ಇದೇ ರಾಗ ಹಾಡಿತ್ತು. ಆವತ್ತೇ ಅವನು ರಕ್ತದ ಸೀಸೆಗೆ ಅಂಟಿಸುವ ಚೀಟಿ ಮುದ್ರಿಸುವ ಪ್ರೋಗ್ರಾಮಿನ ಲಾಗ್ ಫೈಲನ್ನು, ನಡೆದದ್ದೆಲ್ಲ ದಾಖಲಾಗುತ್ತ ಎರಡು ವರ್ಷ ಹೇಳುವವರು ಕೇಳುವವರಿಲ್ಲದೆ ಬೆಳೆದುಕೊಂಡದ್ದನ್ನು, ಅಳಿಸಿ, ಪೀಡೆ ತೊಲಗಿತು ಎಂದುಕೊಂಡು ಮನೆಗೆ ಹೋಗಿದ್ದ. ಈಗ ನೋಡಿದರೆ ಫೈಲು ಹೋಗಿದೆ, ಜಾಗ ಬಂದಿಲ್ಲ. ಒಂದು ಕಮಾಂಡ್ ಕೊಟ್ಟು ಕೇಳಿದರೆ ಡಿಸ್ಕು ತುಂಬಿದೆ ಅನ್ನುತ್ತದೆ. ಇನ್ನೊಂದು ಕಮಾಂಡ್ ಕೊಟ್ಟು ಇರುವ ಫೈಲುಗಳನ್ನೆಲ್ಲ ಕೂಡಿಸಿದರೆ ಅರ್ಧವೂ ಆಗುವುದಿಲ್ಲ. ಇಬ್ಬರು ಸಾಕ್ಷಿಗಳು, ಇಬ್ಬರೂ ಸುಳ್ಳು ಹೇಳುವವರಲ್ಲ. ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗಾಜಿನಾಚೆ ನೋಡಿದ. ಆಸ್ಪತ್ರೆಯವರು ಹಿಂದೆ ಬಟ್ಟೆ ಇಡುತ್ತಿದ್ದ ಕೋಣೆಯನ್ನೇ ಸರ್ವರ್ ಕೋಣೆ ಮಾಡಿದ್ದರಿಂದ ಅದಕ್ಕೆ ಹಜಾರದ ಕಡೆಗೊಂದು ಗಾಜಿನ ಕಿಂಡಿ ಉಳಿದುಕೊಂಡಿತ್ತು. ಕಿಂಡಿಯಾಚೆ ರಕ್ತ ಪರೀಕ್ಷೆಗೆ ಬಂದವರ ಬೆಂಚು. ಸೋಮವಾರ ಆ ಬೆಂಚು ಖಾಲಿ ಇರುವುದಿಲ್ಲ. ತೋಳು ಮಡಿಸಿ ಹತ್ತಿಯನ್ನು ಒತ್ತಿ ಹಿಡಿದು ಕೂತವರನ್ನು ನೋಡಿದರೆ ಹದಿನಾಲ್ಕು ತಿಂಗಳಿನಿಂದ ಅವನು ಮುಖ ತಿರುಗಿಸಿಕೊಳ್ಳುತ್ತಾನೆ. ಕಿಂಡಿಗೆ ಪರದೆ ಹಾಕಿಸಬೇಕು ಎಂದು ಹದಿನಾಲ್ಕು ತಿಂಗಳಿನಿಂದಲೂ ಅಂದುಕೊಳ್ಳುತ್ತಾನೆ. ಹಾಕಿಸಿಲ್ಲ.

ಅಳಿಸಿದರೂ ಜಾಗ ಬರದಿರುವುದಕ್ಕೆ ಕಾರಣ ಅವನಿಗೆ ಗೊತ್ತಿಲ್ಲದ್ದೇನಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಬೆಳಗಿನವಳು ಹೇಳಿಕೊಟ್ಟಿದ್ದಳು. ಬೆಳಗಿನವಳು ಎಂದರೆ ಬೆಳಗಿನ ಪಾಳಿಯವಳು. ಆಗೆಲ್ಲ ಆರರಿಂದ ಎರಡರವರೆಗೆ ಅವಳು, ಎರಡರಿಂದ ಹತ್ತರವರೆಗೆ ಅವನು. ಹೆಸರು ಇತ್ತು, ಆದರೆ ಪಾಳಿ ಪುಸ್ತಕದಲ್ಲಿ ಅವಳು ‘ಬೆ’ ಎಂದೂ ಅವನು ‘ಮ’ ಎಂದೂ ಸಹಿ ಹಾಕುತ್ತಿದ್ದುದರಿಂದ ಆರು ವರ್ಷದಲ್ಲಿ ಹೆಸರಿನ ಅಗತ್ಯವೇ ಬೀಳಲಿಲ್ಲ. ಆವತ್ತು ಅವಳು ಚೀಲ ಹೆಗಲಿಗೇರಿಸಿಕೊಂಡು ನಿಂತೇ ಹೇಳಿದ್ದಳು: “ಅಳಿಸಿದ ಮಾತ್ರಕ್ಕೆ ಫೈಲು ಹೋಗಲ್ಲ ಕಣ್ರೀ. ಹೆಸರು ಮಾತ್ರ ಹೋಗತ್ತೆ. ಯಾವುದಾದ್ರೂ ಪ್ರೋಗ್ರಾಂ ಅದನ್ನ ತೆರೆದು ಹಿಡ್ಕೊಂಡಿದ್ರೆ, ಅದು ಬಿಡೋವರೆಗೂ ಫೈಲು ಅಲ್ಲೇ ಇರತ್ತೆ. ಯಾರ ಕಣ್ಣಿಗೂ ಬೀಳಲ್ಲ, ಅಷ್ಟೆ.” ಎರಡೂ ಕಾಲರ ಬಸ್ಸು ಅವಳದು. ಎರಡಕ್ಕೆ ಇವನು ಬಂದು, ಎರಡೂ ಹತ್ತಕ್ಕೆ ಅವಳು ಹೊರಟು, ನಡುವೆ ಸಿಗುವುದು ಹತ್ತು ನಿಮಿಷ. ಒಮ್ಮೆ ಕೆಲಸವಿಲ್ಲದೆ ಕೂತು ಲೆಕ್ಕ ಹಾಕಿದ್ದ: ದಿನಕ್ಕೆ ಹತ್ತು ನಿಮಿಷದಂತೆ ಆರು ವರ್ಷ ಎಂದರೆ ಹೆಚ್ಚೂ ಕಡಿಮೆ ಹನ್ನೆರಡು ದಿನ. ಹನ್ನೆರಡು ದಿನ ನೋಡಿದ ಹೆಂಗಸಿನ ಮೇಲೆ ಇಷ್ಟು ಆಸೆ ಇಟ್ಟುಕೊಳ್ಳುವುದು ನಲವತ್ತೊಂದರ ಗಂಡಸಿಗೆ ಶೋಭೆಯೇ ಎಂದು ತನ್ನನ್ನೇ ಕೇಳಿಕೊಂಡಿದ್ದ. ಉತ್ತರವಾಗಿ ಮರುದಿನ ಐದು ನಿಮಿಷ ಮೊದಲೇ ಬಂದಿದ್ದ.

ಬಾಗಿಲು ತಟ್ಟದೆಯೇ ರಕ್ತ ತೆಗೆಯುವಾತ ತಲೆ ತೂರಿಸಿದ. “ಏನ್ ಸ್ವಾಮಿ, ಚೀಟಿ ಬರ್ತಾನೇ ಇಲ್ಲ. ಸೀಸೆ ಮೇಲೆ ಪೆನ್ನಲ್ಲಿ ಹೆಸರು ಬರೀತಾ ಕೂತಿದೀನಿ. ನನ್ನ ಅಕ್ಷರ ನನಗೇ ಓದಕ್ಕಾಗಲ್ಲ.”

“ಹತ್ತು ನಿಮಿಷ ಕೊಡಿ.”

“ನಿಮ್ಮ ಹತ್ತು ನಿಮಿಷ ನಂಗೊತ್ತಿಲ್ವಾ.” ಆತ ನಕ್ಕ. ಕೆಟ್ಟ ಮನುಷ್ಯನಲ್ಲ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. “ಆವತ್ತು ಆ ಬೆಳಗಿನ ಪಾಳಿ ಮೇಡಂ ಮಾಡಿದ್ರಲ್ಲ, ಹಾಗೆ ಮಾತ್ರ ಮಾಡ್ಬೇಡಿ. ನಲವತ್ಮೂರು ಜನಕ್ಕೆ ಎರಡನೇ ಸಲ ಸೂಜಿ ಚುಚ್ಚಿದ್ದು ನಾನು. ಬೈಸ್ಕೊಂಡಿದ್ದೂ ನಾನೇ.”

ಅವನು “ಹೂಂ” ಅಂದ. ಬಾಗಿಲು ಮುಚ್ಚಿಕೊಂಡಮೇಲೂ ಆ ಹೂಂ ಕೋಣೆಯಲ್ಲೇ ಇತ್ತು. ಎಷ್ಟು ಸಲೀಸಾಗಿ ಬಂತು ಬಾಯಿಂದ! ತಪ್ಪು ಮಾಡುವಾಗಲಾದರೂ ಬೆರಳು ಎಡವಿತ್ತು ಎನ್ನಬಹುದು. ಈ ಹೂಂ ಎಡವಿದ್ದಲ್ಲ, ಕಾಲು ಚಾಚಿ ಕೂತೇ ಅಂದದ್ದು. ಮೇಜಿನ ಮೇಲೆ ವಿಭಾಗದ ಮುಖ್ಯಸ್ಥೆಯ ಚೀಟಿ ಇತ್ತು. ಪೆನ್ನಿನ ಮುಚ್ಚಳ ಕಚ್ಚುತ್ತ ಬರೆದ ಗುಂಡು ಅಕ್ಷರ: ಡಿಸ್ಕಿನಲ್ಲಿ ಜಾಗ ಮಾಡುವುದು, ಬಿಟ್ಟುಹೋದವರ ಅಕೌಂಟುಗಳನ್ನು ಮುಚ್ಚುವುದು, ಮೂರು ಗಂಟೆಗೆ ಸರಿಯಾಗಿ ಸರ್ವರ್ ರೀಸ್ಟಾರ್ಟ್. ಕೊನೆಯದರ ಕೆಳಗೆ ಎರಡು ಗೆರೆ. ಯಂತ್ರ ನಾನೂರ ಮೂವತ್ತೈದು ದಿನದಿಂದ ಒಮ್ಮೆಯೂ ನಿಂತಿಲ್ಲ, ಹೊಸ ಭದ್ರತಾ ತಿದ್ದುಪಡಿಗಳು ಹತ್ತಬೇಕಾದರೆ ನಿಲ್ಲಿಸಿ ಎಬ್ಬಿಸಲೇಬೇಕು. ಅವನು ಅಕೌಂಟುಗಳಿಂದ ಶುರುಮಾಡಿದ. ಹತ್ತೊಂಬತ್ತು ಹೆಸರು. ಎರಡು ತಿಂಗಳು ಇದ್ದು ಹೋದ ಕಿರಿಯ ವೈದ್ಯರು, ನಿವೃತ್ತಳಾದ ದಾದಿ, ತೀರಿಕೊಂಡ ಬೆರಳಚ್ಚುಗಾರ. ಒಬ್ಬೊಬ್ಬರ ಹೆಸರು ಹೊಡೆದು ಬೀಗ ಹಾಕಿದ. ಪ್ರತಿ ಸಲ ಎಂಟರ್ ಒತ್ತುವ ಮೊದಲು ಕಂಪ್ಯೂಟರ್ ಪರದೆಯ ಕಿಟಕಿಯ ಮೇಲಿದ್ದ ಯಂತ್ರದ ಹೆಸರನ್ನು ಮೂರು ಸಲ ಓದಿದ. ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದವರು ಮತ್ತೆ ಹತ್ತಿಬಂದು ಜಗ್ಗಿ ನೋಡುತ್ತಾರಲ್ಲ, ಹಾಗೆ. ಇದೂ ಹದಿನಾಲ್ಕು ತಿಂಗಳ ರೋಗವೇ. ಹದಿನೆಂಟಾದವು. ಹತ್ತೊಂಬತ್ತನೆಯದು ಅವಳದು. ಇಂಥ ಪಟ್ಟಿ ಬಂದಾಗಲೆಲ್ಲ ಅದೊಂದನ್ನು ಕಣ್ಣುತಪ್ಪಿದಂತೆ ಬಿಟ್ಟು ಬಂದಿದ್ದಾನೆ. ಬಿಟ್ಟದ್ದೇನೋ ಸರಿ, ಅವಳು ಅದನ್ನು ಬಳಸುತ್ತಿದ್ದಾಳೆಯೇ ಎಂದು ಒಂದು ಸಲವಾದರೂ ನೋಡಿದ್ದನೇ? ಇಲ್ಲ. ಬಳಸುತ್ತಿಲ್ಲ ಎಂದು ಗೊತ್ತಾದರೆ ಏನು ಮಾಡುವುದು ಎಂಬ ಭಯ.

ಒಂದು ಗಂಟೆಗೆ ಅಕ್ಕನ ಫೋನು. “ಡಬ್ಬಿ ಮರೆತು ಹೋಗಿದೀಯ. ಮಗಳ ಕೈಲಿ ಕಳಿಸ್ಲಾ?”

“ಬೇಡ, ಹಸಿವಿಲ್ಲ.”

“ಸೋಮವಾರ ಬಂತು ಅಂದ್ರೆ ನಿನ್ನ ದನಿ ನೆಲ ಕಚ್ಚಿರತ್ತೆ. ಆ ಬೆಳಗಿನವಳಿಗೆ ಒಂದು ಫೋನ್ ಮಾಡೋಕೆ ನಿನ್ನ ಕೈಗೇನು ಲಕ್ವ ಹೊಡೆದಿದೆಯಾ?”

“ಅಕ್ಕಾ, ಕೆಲಸ ಇದೆ.”

“ಇರತ್ತೆ, ಇರತ್ತೆ. ನಿಂಗೆ ಯಾವಾಗ್ಲೂ ಇರತ್ತೆ.” ಅಕ್ಕ ಇಟ್ಟುಬಿಟ್ಟಳು. ಅಕ್ಕನಿಗೆ ಅರ್ಧ ಮಾತ್ರ ಗೊತ್ತು. ಆಸೆಯ ಅರ್ಧ.

ತೆರೆದು ಹಿಡಿದುಕೊಂಡ, ಆದರೆ ಅಳಿಸಿಹೋದ ಫೈಲುಗಳ ಪಟ್ಟಿ ಕೊಡು ಎಂದು ಅವನು ಸರ್ವರನ್ನು ಕೇಳಿದ. ಒಂದು ಸಾಲು ಬರುತ್ತದೆಂದುಕೊಂಡಿದ್ದ, ಎರಡು ಬಂದವು. ಮೊದಲನೆಯದು ಚೀಟಿ ಮುದ್ರಿಸುವ ಪ್ರೋಗ್ರಾಮಿನ ದೈತ್ಯ ಲಾಗು, ನಿರೀಕ್ಷಿಸಿದ್ದೇ. ಎರಡನೆಯದು ಪುಟ್ಟದು, ಡಿಸ್ಕಿನ ಲೆಕ್ಕಕ್ಕೆ ಧೂಳಿನಷ್ಟು. ಫೈಲಿನ ಹೆಸರು ಪಾಳಿ ಪುಸ್ತಕ. ಹಿಡಿದುಕೊಂಡದ್ದು ಅವಳ ಅಕೌಂಟಿನಲ್ಲಿ ಓಡುತ್ತಿರುವ ಒಂದು ಸಣ್ಣ ಪ್ರೋಗ್ರಾಮು. ಫೈಲಿನ ಬಾಲ ಹಿಡಿದು ಕೂರುವುದಷ್ಟೇ ಅದರ ಕೆಲಸ. ಹೊಸ ಸಾಲು ಬಿದ್ದರೆ ತೋರಿಸುತ್ತದೆ, ಬೀಳದಿದ್ದರೆ ಕಾಯುತ್ತದೆ. ಶುರುವಾದ ತಾರೀಕು ಅವಳ ಕೊನೆಯ ದಿನದ್ದು. ಅವನು ಸಾಲನ್ನು ಮತ್ತೆ ಓದಿದ. ಮೊದಲು ಮಾಡಬೇಕಾದ್ದು ಮಾಡು ಎಂದು ತನಗೇ ಗದರಿಕೊಂಡು ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಹೊರಡಿಸಿದ. ಅದು ಕೈಬಿಟ್ಟೊಡನೆ ಡಿಸ್ಕು ನಲವತ್ತಾರಕ್ಕೆ ಇಳಿಯಿತು. ಹಜಾರದಿಂದ “ಬಂತು ಬಂತು!” ಎಂದು ರಕ್ತ ತೆಗೆಯುವಾತ ಕೂಗಿದ್ದು ಗಾಜಿನ ಮೂಲಕವೂ ಕೇಳಿಸಿತು.

ಪಾಳಿ ಪುಸ್ತಕಕ್ಕೆ ಒಂದು ಕಟ್ಟಳೆಯಿತ್ತು. ಅದು ಪುಸ್ತಕವೇನಲ್ಲ, ಸರ್ವರಿನಲ್ಲೇ ಇದ್ದ ಒಂದು ಸಾದಾ ಫೈಲು. ಹೋಗುವವರು ಆ ದಿನ ಆದದ್ದನ್ನು ಬರೆಯಬೇಕು. ಬರುವವರು ಓದಿ ಅದರ ಕೆಳಗೆ ‘ನೋಡಿದೆ’ ಎಂದು ಬರೆಯಬೇಕು. ‘ನೋಡಿದೆ’ ಬೀಳುವವರೆಗೂ ಹೋದವರು ಹೋದಂತಲ್ಲ, ಜವಾಬ್ದಾರಿ ಅವರದೇ. ನಿಯಮ ಮಾಡಿದವಳು ಅವಳು. ‘ಮೂರನೇ ಫ್ಯಾನು ಕೂಗುತ್ತಿದೆ, ಮೇಲೆ ಕೈಯಿಟ್ಟರೆ ಸುಮ್ಮನಾಗುತ್ತದೆ, ಮಗುವಿನ ಹಾಗೆ. ಬೆ.’ ‘ನೋಡಿದೆ. ಕೈಯಿಟ್ಟೆ. ಸುಮ್ಮನಾಗಲಿಲ್ಲ, ನಿಮ್ಮ ಕೈಯೇ ಬೇಕಂತೆ. ಮ.’ ಇದನ್ನು ಬರೆದ ದಿನ ರಾತ್ರಿಯೆಲ್ಲ ಅವನಿಗೆ ನಿದ್ದೆ ಬಂದಿರಲಿಲ್ಲ, ಹೆಚ್ಚಾಯಿತೇನೋ ಎಂದು. ಮರುದಿನ ಅವಳು ‘ನೋಡಿದೆ’ ಎಂದಷ್ಟೇ ಬರೆದಿದ್ದಳು. ಅಷ್ಟೇ ಸಾಕಾಗಿತ್ತು. ಆಮೇಲೆ ಆ ಮಧ್ಯಾಹ್ನ. ಎರಡೂ ಇಪ್ಪತ್ತು. ಅವಳು ಹೊರಟು ಹತ್ತು ನಿಮಿಷವಾಗಿತ್ತು, ಅವನು ಇನ್ನೂ ಅವಳು ಹೋದ ಬಾಗಿಲಿನ ಕಡೆಗೇ ಅರ್ಧ ಮುಖ ಮಾಡಿ ಕೂತಿದ್ದ. ಪರದೆಯ ಮೇಲೆ ಎರಡು ಕಪ್ಪು ಕಿಟಕಿ. ಒಂದು ಅಭ್ಯಾಸದ ಯಂತ್ರದ್ದು, ಒಂದು ನಿಜವಾದದ್ದು, ನೋಡಲು ಅವಳಿ ಜವಳಿ. ಅಭ್ಯಾಸದ ಯಂತ್ರದಲ್ಲಿ ಅಳಿಸಬೇಕಿದ್ದ ಪರೀಕ್ಷಾ ವರದಿಗಳ ಕೋಶವನ್ನು ನಿಜವಾದದ್ದರಲ್ಲಿ ಅಳಿಸಿದ. ಸಂಜೆಯೆಲ್ಲ ಬ್ಯಾಕಪ್ಪಿನಿಂದ ತುಂಬಿಸಿದರೂ ಆ ದಿನದ ವರದಿಗಳು ಬರಲಿಲ್ಲ. ನಾಳೆ ಹೇಳಿದರಾಯಿತು ಎಂದು ಮನೆಗೆ ಹೋದ. ಬೆಳಿಗ್ಗೆ ನಲವತ್ತಮೂರು ಜನ ಮತ್ತೆ ಬಂದು ತೋಳು ಚಾಚಿದರು. ಇಂಥ ಕೆಲಸಕ್ಕೆ ಇಬ್ಬರೂ ಬಳಸುತ್ತಿದ್ದುದು ತಂತಮ್ಮ ಅಕೌಂಟಲ್ಲ, ಒಂದೇ ಆಡಳಿತದ ಅಕೌಂಟು, ಮಾಡಿದವರು ಯಾರೆಂದು ಯಂತ್ರಕ್ಕೂ ಗೊತ್ತಿಲ್ಲ. ಎರಡಕ್ಕೆ ಅವನು ಬಂದಾಗ ಮುಖ್ಯಸ್ಥೆ ಹಜಾರದಲ್ಲೇ ಸಿಕ್ಕಿ, “ಆ ಹುಡುಗಿ ತಾನೇ ಮಾಡಿದ್ದು ಅಂತ ಒಪ್ಕೊಂಡಳು, ಮುಗೀತು” ಎಂದರು. ಅವನು “ಹೌದಾ?” ಅಂದ. ಎರಡಕ್ಷರ. ಆ ‘ಹೌದಾ’ದಲ್ಲಿ ಆಶ್ಚರ್ಯವೂ ಸೇರಿತ್ತು, ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಒಂದು ವಾರದಲ್ಲಿ ಅವಳನ್ನು ಪಟ್ಟಣದ ಆ ತುದಿಯ ಶಾಖೆಗೆ ಹಾಕಿದರು. ಆ ವಾರದ ಹತ್ತು ಹತ್ತು ನಿಮಿಷಗಳಲ್ಲಿ ಅವನು ಬೇಕೆಂದೇ ತಡವಾಗಿ ಬಂದ.

ಕೊನೆಯ ದಿನ ಅವಳು ಪುಸ್ತಕದಲ್ಲಿ ಏನೋ ಉದ್ದಕ್ಕೆ ಬರೆದಿಟ್ಟು ಹೋಗಿದ್ದಳು. ಎಷ್ಟು ಸಾಲು ಎಂದು ಎಣಿಸುವ ಕಮಾಂಡ್ ಕೊಟ್ಟ, ನಿನ್ನೆಗಿಂತ ಹನ್ನೊಂದು ಹೆಚ್ಚು. ಹನ್ನೊಂದು ಸಾಲಿನಲ್ಲಿ ಬಯ್ಗುಳವಲ್ಲದೆ ಇನ್ನೇನಿರುತ್ತದೆ? ಮುಖ್ಯಸ್ಥೆ ಯಾವಾಗ ಬೇಕಾದರೂ ಆ ಫೈಲು ತೆರೆದು ನೋಡಬಹುದು. ಓದದೆ ಅಳಿಸಿದ, ಪುಸ್ತಕವನ್ನೇ, ಆರು ವರ್ಷವನ್ನೇ. ಅದೇ ಹೆಸರಿನಲ್ಲಿ ಹೊಸ ಫೈಲು ತೆರೆದ. ಅವಳ ಜಾಗಕ್ಕೆ ಯಾರನ್ನೂ ಹಾಕಲಿಲ್ಲ, ಇವನನ್ನೇ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರಕ್ಕೆ ಬದಲಿಸಿದರು. ಆದರೂ ಹೋಗುವಾಗ ಪುಸ್ತಕ ಬರೆಯುವುದನ್ನು ಬಿಡಲಿಲ್ಲ. ಬೆಳಿಗ್ಗೆ ಬಂದು ತಾನು ಬರೆದದ್ದರ ಕೆಳಗೆ ತಾನೇ ‘ನೋಡಿದೆ’ ಎಂದು ಬರೆಯುತ್ತಾನೆ. ಹಜಾರದ ಗಡಿಯಾರ ನಿಂತಿದೆ, ಕಿಂಡಿಯ ಗಾಜು ಒರೆಸಿದರು, ಹೀಗೆ ಸರ್ವರಿಗೆ ಸಂಬಂಧವೇ ಇಲ್ಲದ ಸಾಲುಗಳು. ಯಾರಿಗೆ ಬರೆಯುತ್ತಿದ್ದೇನೆ ಎಂದು ಕೇಳಿಕೊಂಡರೆ ಉತ್ತರ ಗೊತ್ತಿತ್ತು, ಆದ್ದರಿಂದ ಕೇಳಿಕೊಳ್ಳುತ್ತಿರಲಿಲ್ಲ.

ಹೆಸರು ಹೋದ ಫೈಲನ್ನು ಮುಟ್ಟಲು ಒಂದೇ ದಾರಿ, ಅದನ್ನು ಹಿಡಿದಿರುವ ಪ್ರೋಗ್ರಾಮಿನ ಕೈಯ ಮೂಲಕ. ಅವನು ಅಲ್ಲಿಂದ ಒಂದು ಪ್ರತಿ ತೆಗೆದುಕೊಂಡು ಕೊನೆಯ ಹನ್ನೊಂದು ಸಾಲು ತೆರೆದ.

‘ಬ್ಯಾಕಪ್ಪಿನ ನಾಲ್ಕನೇ ಟೇಪು ಸವೆದಿದೆ, ಬದಲಿಸಿ. ಮೂರನೇ ಫ್ಯಾನಿನ ಮೇಲೆ ನಿಮ್ಮ ಕೈಯೂ ಆಗುತ್ತದೆ, ಸ್ವಲ್ಪ ಹೊತ್ತು ಇಡಬೇಕು, ಅಷ್ಟೆ. ಆವತ್ತಿನ ವಿಷಯ. ಬೆಳಿಗ್ಗೆ ಹಜಾರದ ತುಂಬ ಜನ ನಿಂತಿದ್ದರು. ಒಬ್ಬಳು ಅಜ್ಜಿ ತೋಳೆಲ್ಲ ನೀಲಿಯಾಗಿದೆ ಎಂದು ಅಳುತ್ತಿದ್ದಳು. ಯಾರು ಮಾಡಿದ್ದು ಎಂದು ಮೇಡಂ ಕೂಗುತ್ತಿದ್ದರು, ನೀವು ಬರಲು ಇನ್ನೂ ಆರು ಗಂಟೆ ಇತ್ತು. ನಾನು ಎಂದೆ. ಗಲಾಟೆ ನಿಲ್ಲಲಿ ಎಂದು. ಮಧ್ಯಾಹ್ನ ಬಂದು ನೀವು ಹೇಳುತ್ತೀರಿ ಎಂದುಕೊಂಡಿದ್ದೆ. ಹೇಳಲಿಲ್ಲ. ಬೇಜಾರಾಯಿತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಡಂಗೆ ಹೇಳದಿದ್ದರೂ ನನಗೆ ಹೇಳಿ. ಇಲ್ಲೇ ಬರೆಯಿರಿ. ಈ ಫೈಲಿನ ಬಾಲ ಹಿಡಿದು ಒಂದು ಕಿಟಕಿ ಬಿಟ್ಟು ಹೋಗುತ್ತಿದ್ದೇನೆ, ಸೋಮವಾರ ಸೋಮವಾರ ಅಲ್ಲಿಂದ ಬಂದು ನೋಡುತ್ತೇನೆ. ಬೆ.’

ಕೆಳಗೆ ‘ನೋಡಿದೆ’ ಇರಲಿಲ್ಲ. ಅವನು ಎದ್ದು, ಕೋಣೆಯಲ್ಲಿ ಹೋಗಲು ಜಾಗವಿಲ್ಲದೆ, ಮತ್ತೆ ಕೂತ. ಯಾರು ಯಾವಾಗ ಒಳಗೆ ಬಂದರು ಎಂಬ ದಾಖಲೆ ಕೇಳಿದ, ಅವಳ ಹೆಸರಿಗೆ ಮಾತ್ರ. ಹಳೆಯ ತಿಂಗಳುಗಳದ್ದು ಬೇರೆ ಫೈಲುಗಳಲ್ಲಿತ್ತು, ಒಂದೊಂದನ್ನೇ ತೆರೆದ. ಸೋಮವಾರ, ಮೂರೂವರೆ, ಒಂದು ನಿಮಿಷ. ಸೋಮವಾರ, ಮೂರೂ ಮೂವತ್ತೆರಡು, ಎರಡು ನಿಮಿಷ. ಐವತ್ತೆಂಟು ಸೋಮವಾರ. ನಡುವೆ ಮೂರು ತಪ್ಪಿದ್ದವು; ಜ್ವರವೋ, ರಜೆಯೋ, ಅಥವಾ ಸಾಕು ಅನ್ನಿಸಿತ್ತೋ. ಆಮೇಲೆ ಮತ್ತೆ ಬಂದಿದ್ದಳು. ಹೋದ ಸೋಮವಾರವೂ. ಅಳಿಸಿದ ಫೈಲಿನ ಬಾಲ ಹಿಡಿದಿದ್ದ ಆ ಕಿಟಕಿಗೆ, ಅದೇ ಹೆಸರಿನ ಹೊಸ ಫೈಲಿನಲ್ಲಿ ಇವನು ಬರೆದ ಒಂದಕ್ಷರವೂ ಬಿದ್ದಿರಲು ಸಾಧ್ಯವಿಲ್ಲ. ನಿಂತ ಗಡಿಯಾರವಿಲ್ಲ, ಒರೆಸಿದ ಗಾಜಿಲ್ಲ. ಐವತ್ತೆಂಟು ಸಲ ಬಂದು ತನ್ನದೇ ಕೊನೆಯ ಸಾಲನ್ನು ನೋಡಿ ಹೋಗಿದ್ದಾಳೆ. ಗಂಟೆ ಎರಡೂ ನಲವತ್ತು. ಮೂರಕ್ಕೆ ರೀಸ್ಟಾರ್ಟ್ ಮಾಡಿದರೆ ಆ ಕಿಟಕಿ ಸಾಯುತ್ತದೆ. ಮೂರೂವರೆಗೆ ಅವಳು ಬಂದರೆ ಏನೂ ಇರುವುದಿಲ್ಲ, ಕಾಯುತ್ತಿದ್ದುದೂ ಇರುವುದಿಲ್ಲ.

ಮುಖ್ಯಸ್ಥೆ ಪೆನ್ನಿನ ಮುಚ್ಚಳ ಬಾಯಲ್ಲಿಟ್ಟುಕೊಂಡೇ ತಲೆಯೆತ್ತಿದರು. ನಿವೃತ್ತಿಗೆ ಎಂಟು ತಿಂಗಳಿರುವ ಹೆಂಗಸು, ಯಾರ ಮೇಲೂ ರೇಗುವ ಉತ್ಸಾಹ ಉಳಿದಿರಲಿಲ್ಲ.

“ರೀಸ್ಟಾರ್ಟ್ ಒಂದು ಗಂಟೆ ಮುಂದಕ್ಕೆ ಹಾಕಬಹುದಾ ಮೇಡಂ?”

“ಯಾಕೆ? ಬ್ಯಾಕಪ್ ಓಡ್ತಿದೆಯಾ?”

ಹೂಂ ಅಂದರೆ ಮುಗಿಯುತ್ತಿತ್ತು. ಆಕೆಯೇ ಸುಳ್ಳನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಅವನ ಗಂಟಲಿನವರೆಗೂ ಬಂತು ಆ ಹೂಂ, ಬೆಳಿಗ್ಗೆ ರಕ್ತ ತೆಗೆಯುವಾತನಿಗೆ ಹೇಳಿದ್ದೇ ಹೂಂ.

“ಇಲ್ಲ. ಆವತ್ತು ವರದಿಗಳನ್ನ ಅಳಿಸಿದ್ದು ನಾನು. ಬೆಳಗಿನವರಲ್ಲ. ತಪ್ಪು ಕಿಟಕಿಯಲ್ಲಿ ಕಮಾಂಡ್ ಕೊಟ್ಟೆ. ಅದನ್ನ ಅವರಿಗೆ ಹೇಳಬೇಕು, ಅವರು ಮೂರೂವರೆಗೆ ಸರ್ವರಿಗೆ ಬರ್ತಾರೆ.”

ಮುಖ್ಯಸ್ಥೆ ಮುಚ್ಚಳವನ್ನು ಪೆನ್ನಿಗೆ ಹಾಕಿದರು. “ಅಳಿಸಿದ್ದು ಎರಡೂ ಇಪ್ಪತ್ತಕ್ಕೆ. ಆ ಹುಡುಗಿ ಎರಡೂ ಹತ್ತಕ್ಕೆ ಸಹಿ ಹಾಕಿ ಹೋಗಿದ್ದಳು. ಹಾಜರಿ ಪುಸ್ತಕ ನನ್ನ ಹತ್ರಾನೇ ಇತ್ತಲ್ಲಪ್ಪ.”

“ಗೊತ್ತಿತ್ತಾ?”

“ವರ್ಗದ ಆದೇಶ ಒಂದು ವಾರ ಈ ಮೇಜಿನ ಮೇಲೇ ಇಟ್ಕೊಂಡಿದ್ದೆ. ನೀನು ಬರ್ತೀಯ ಅಂತ. ದಿನಾ ನೀನು ಈ ಬಾಗಿಲ ಮುಂದೇನೇ ಹಾದು ಹೋಗ್ತಿದ್ದೆ.” ಆಕೆ ಕಿಟಕಿಯ ಕಡೆ ನೋಡಿದರು. “ಅವಳು ಒಪ್ಕೊಂಡಿದ್ದು ನನಗೂ ಅನುಕೂಲವೇ ಆಯ್ತು ಅನ್ನು. ನಾನೇನೂ ಸಾಚಾ ಅಲ್ಲ. ಬರೆದು ಕೊಡ್ತೀಯಾ ಇದನ್ನ?”

“ಕೊಡ್ತೀನಿ.”

“ಮೇಲಿನವರಿಗೆ ಹೋಗತ್ತೆ. ಸುಮ್ನೆ ಬಿಡಲ್ಲ.”

“ಗೊತ್ತು ಮೇಡಂ.”

“ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ,” ಎಂದು ಆಕೆ ಒಂದು ಬಿಳಿ ಹಾಳೆ ಅವನ ಕಡೆಗೆ ಸರಿಸಿದರು.

ಹಾಳೆ ಬರೆದುಕೊಟ್ಟು ಕೋಣೆಗೆ ಬಂದಾಗ ಮೂರೂ ಹದಿನೈದು. ಅವಳ ಹನ್ನೊಂದು ಸಾಲಿನ ಕೆಳಗೆ, ಹೆಸರಿಲ್ಲದ ಆ ಹಳೆಯ ಪುಸ್ತಕದಲ್ಲೇ, ಅದನ್ನು ಹಿಡಿದ ಪ್ರೋಗ್ರಾಮಿನ ಕೈಯ ಮೂಲಕ ಅವನು ಬರೆದ. ನಾಲ್ಕು ಸಲ ಬರೆದು ಅಳಿಸಿದ. ಮೊದಲನೆಯದರಲ್ಲಿ ಕ್ಷಮೆ ಬಹಳ ಇತ್ತು, ಎರಡನೆಯದರಲ್ಲಿ ತಾನು ಬಹಳ ಇದ್ದ. ಕೊನೆಗೆ ಪಾಳಿಯ ಭಾಷೆಯಲ್ಲೇ ಬರೆದ. ‘ನೋಡಿದೆ. ಅಳಿಸಿದ್ದು ನಾನು. ನಿಮ್ಮ ಹನ್ನೊಂದು ಸಾಲನ್ನು ಹೆದರಿ ಓದದೆ ಅಳಿಸಿದ್ದೂ ನಾನೇ, ಇವತ್ತು ಓದಿದೆ. ಮೇಡಂಗೆ ಇವತ್ತು ಹೇಳಿದೆ, ಬರೆದೂ ಕೊಟ್ಟೆ. ನೀವು ಹೋದಮೇಲೆ ದಿನಾ ಎರಡು ಗಂಟೆಗೆ ಬಾಗಿಲು ನೋಡುತ್ತೇನೆ. ಮ.’ ಕೊನೆಯ ಸಾಲು ತೆಗೆಯಬೇಕೆಂದು ಬೆರಳು ಹೋಯಿತು. ತೆಗೆಯಲಿಲ್ಲ. ಎಂಟರ್ ಒತ್ತುವ ಮೊದಲು ಯಂತ್ರದ ಹೆಸರನ್ನು ಮೂರು ಸಲ ಓದಿದ.

ಆಮೇಲೆ ಯಾರು ಒಳಗಿದ್ದಾರೆ ಎಂದು ಕೇಳುವ ಕಮಾಂಡೊಂದೇ. ಅವನೊಬ್ಬನೇ. ಮತ್ತೆ ಕೇಳಿದ, ಅವನೊಬ್ಬನೇ. ಮೂರೂ ಮೂವತ್ತು, ಮೂರೂ ಮೂವತ್ತೈದು. ಬೆಂಚಿನ ಮೇಲೆ ಒಬ್ಬ ಮುದುಕ ತೋಳಿನ ಹತ್ತಿ ತೆಗೆದು ನೋಡಿ ಮತ್ತೆ ಒತ್ತಿಕೊಂಡ. ಇವತ್ತೇ ಸಾಕು ಅನ್ನಿಸಿತೋ ಏನೋ ಅವಳಿಗೆ, ಐವತ್ತೆಂಟು ಆಯಿತಲ್ಲ. ಮೂರೂ ನಲವತ್ತೊಂದಕ್ಕೆ ಪಟ್ಟಿಯಲ್ಲಿ ಎರಡು ಹೆಸರು. ಅವಳ ಹೆಸರಿನ ಮುಂದೆ, ಕೀಲಿಮಣೆ ಮುಟ್ಟದೆ ಎಷ್ಟು ಹೊತ್ತಾಯಿತು ಎಂಬ ಕಾಲಂ: ಸೊನ್ನೆ. ಒಂದು ನಿಮಿಷ. ಎರಡು. ಅವಳು ಹೋಗುವ ಹೊತ್ತು ಇದು. ಹೋಗಲಿಲ್ಲ. ನಾಲ್ಕು. ಏನೂ ಬರೆಯುತ್ತಿಲ್ಲ, ಎದ್ದೂ ಹೋಗುತ್ತಿಲ್ಲ. ಪಟ್ಟಣದ ಆ ತುದಿಯಲ್ಲಿ ಒಂದು ಪರದೆಯ ಮುಂದೆ ಅವಳು ಸುಮ್ಮನೆ ಕೂತಿದ್ದಾಳೆ ಎಂಬುದು ಅವನಿಗೆ ಒಂದು ಅಂಕಿಯಾಗಿ ಕಾಣುತ್ತಿತ್ತು, ಆ ಅಂಕಿ ಏರುತ್ತಿತ್ತು. ಏಳು. ಎಂಟು. ಬಯ್ದರೂ ಸರಿ, ಒಂದಕ್ಷರ ಬರಲಿ ಎಂದು ಅವನು ಜೋರಾಗಿಯೇ ಅಂದುಕೊಂಡ. ಹತ್ತು ನಿಮಿಷ ತುಂಬಿತು. ಕಾಲಂ ಸೊನ್ನೆಗೆ ಇಳಿಯಿತು.

ಅವಳು ರೂಢಿಯಂತೆ ಪುಸ್ತಕದ ಹೆಸರು ಹಿಡಿದೇ ಬರೆದಿದ್ದಳು, ಆದ್ದರಿಂದ ಸಾಲು ಬಿದ್ದದ್ದು ಹೊಸ ಫೈಲಿಗೆ, ಅವನು ನಿನ್ನೆ ಮೊನ್ನೆ ತನಗೆ ತಾನೇ ಬರೆದುಕೊಂಡ ‘ನೋಡಿದೆ’ಗಳ ಕೆಳಗೆ.

‘ನೋಡಿದೆ. ಮೂರನೇ ಫ್ಯಾನು ಈಗಲೂ ಕೂಗುತ್ತದಾ? ಬೆ.’

ಅವನಿಗೆ ಓದಿದ್ದು ಸ್ವಲ್ಪ ಹೊತ್ತು ಕಾಣಿಸಲಿಲ್ಲ. ಕಣ್ಣೊರೆಸಿಕೊಂಡು ಎದ್ದುಹೋಗಿ, ಯಾಕೆಂದು ಗೊತ್ತಿಲ್ಲದೆ, ಯಂತ್ರದ ಮೇಲೆ ಅಂಗೈ ಊರಿ ನಿಂತ. ಹೌದು ಎಂದು ಬರೆದುಬಿಡುವ ಆಸೆಯಾಯಿತು. ಕೂಗುತ್ತದೆ, ನಿಮ್ಮ ಕೈಯೇ ಬೇಕಂತೆ. ನಾಲ್ಕಕ್ಕೆ ಐದು ನಿಮಿಷವಿತ್ತು. ಅವನು ಬಂದು ಕೂತು, ಅವಳ ಕಿಟಕಿಗೆ ಕಾಣುವ ಹಳೆಯ ಪುಸ್ತಕದಲ್ಲಿ, ಇದ್ದದ್ದನ್ನೇ ಬರೆದ.

‘ಇಲ್ಲ. ಹೋದ ವರ್ಷ ಬದಲಿಸಿದರು. ಈಗ ಕೋಣೆಯಲ್ಲಿ ಸದ್ದೇ ಇಲ್ಲ. ನಾಲ್ಕಕ್ಕೆ ಸರ್ವರ್ ನಿಲ್ಲಿಸುತ್ತೇನೆ, ಐದು ನಿಮಿಷದಲ್ಲಿ ಎದ್ದೇಳುತ್ತದೆ. ನಿಮ್ಮ ಅಕೌಂಟು ಇವತ್ತು ಮುಚ್ಚಬೇಕು, ಮುಂದಿನ ಸೋಮವಾರ ಅದು ಇರುವುದಿಲ್ಲ. ಆ ದಿನ ರಜೆ ಹಾಕಿ ಎರಡೂ ಹತ್ತಕ್ಕೆ ನಿಮ್ಮ ಶಾಖೆಯ ಬಸ್ ನಿಲ್ದಾಣದಲ್ಲಿ ನಾನಿರುತ್ತೇನೆ, ಹತ್ತು ನಿಮಿಷ ಬನ್ನಿ. ಮ.’